ಕಚೇರಿಯ ಗಣಕಯಂತ್ರದಲ್ಲಿ ಯಜಮಾನನ ಕಣ್ಣು

ಮೇಲ್ವಿಚಾರಣೆಯಿಲ್ಲದ ವ್ಯಾಪಾರವನ್ನು ನಾನು ಎಲ್ಲಿಯೂ ಕಂಡಿಲ್ಲ. ಸಂಜೆ ರೋಕಡ ಎಣಿಸಿ ಕಿರ್ದಿಯೊಡನೆ ತಾಳೆ ನೋಡುವುದು, ವರ್ಷಾಂತ್ಯದಲ್ಲಿ ದಾಸ್ತಾನು ಎಣಿಸುವುದು, ತೂಕದ ಬಟ್ಟುಗಳನ್ನು ಆಗಾಗ ಪರೀಕ್ಷಿಸುವುದು, ಇವುಗಳಿಂದ ತನಗೆ ಅವಮಾನವಾಯಿತೆಂದು ಪ್ರಾಮಾಣಿಕ ಗುಮಾಸ್ತನಾರೂ ಹೇಳಿದ್ದಿಲ್ಲ. ಈಗ ಕಿರ್ದಿ, ಖಾತೆಗಳೆಲ್ಲ ಗಣಕಯಂತ್ರದೊಳಗೆ ಸೇರಿವೆ. ಅವುಗಳ ಹಿಂದೆಯೇ ಯಜಮಾನನ ಕಣ್ಣೂ ಅದರೊಳಗೆ ಸೇರಿದೆ. ಆ ಕಣ್ಣಿಗೆ ಎಲ್ಲೆ ಯಾವುದು ಎಂಬ ಪ್ರಶ್ನೆಯನ್ನು ವ್ಯಾಪಾರಿಗಳಾದ ನಾವು ತಂತ್ರಜ್ಞರಿಗೆ ಒಪ್ಪಿಸಿ ಸುಮ್ಮನಿರುವುದು ಉಚಿತವಲ್ಲವೆಂದು ತೋರಿದ್ದರಿಂದ ಈ ಕೆಲವು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಡಿವೈಸ್ ಮ್ಯಾನೇಜ್‌ಮೆಂಟ್ ಏಜೆಂಟ್ ಎಂಬ ತಂತ್ರಾಂಶವೊಂದುಂಟು. ಮೈಕ್ರೋಸಾಫ್ಟ್ ಸಂಸ್ಥೆಯ ಇಂಟ್ಯೂನ್, ಆಪಲ್ ಯಂತ್ರಗಳಿಗಾಗಿರುವ ಜಾಮ್ಫ್ ಮುಂತಾದವು ಈ ವರ್ಗದ ವ್ಯವಸ್ಥೆಗಳು. ಏಜೆಂಟ್ ಎಂಬ ಹೆಸರು ಸಾರ್ಥಕವಾಗಿದೆ. ಪರಸ್ಥಳದಲ್ಲಿದ್ದು ಧಣಿಯ ಆಜ್ಞೆಯಂತೆ ನಡೆದು ಅಲ್ಲಿನ ಸುದ್ದಿ ಬರೆದು ಕಳುಹಿಸುವ ಮುಖ್ತ್ಯಾರನಂತೆ, ಇದು ಪ್ರತಿ ಯಂತ್ರದಲ್ಲಿಯೂ ಸದ್ದಿಲ್ಲದೆ ಕುಳಿತು ಆಗಾಗ ಕೇಂದ್ರಕ್ಕೆ ವರದಿ ಒಪ್ಪಿಸುತ್ತದೆ: ಯಂತ್ರ ಯಾವುದು, ಅದರಲ್ಲಿ ಯಾವ ಯಾವ ತಂತ್ರಾಂಶಗಳಿವೆ, ಸುರಕ್ಷಾ ತಿದ್ದುಪಡಿಗಳು ಸೇರಿವೆಯೇ, ಡಿಸ್ಕಿಗೆ ಗುಪ್ತಲಿಪಿಯ ರಕ್ಷಣೆ ಇದೆಯೇ ಎಂದು. ಅಲ್ಲಿಂದ ಬಂದ ಆಜ್ಞೆಗಳನ್ನೂ ನೆರವೇರಿಸುತ್ತದೆ. ಯಂತ್ರ ಕಳೆದುಹೋದರೆ ದೂರದಿಂದಲೇ ಬೀಗ ಹಾಕಬಹುದು, ಅದರಲ್ಲಿರುವುದನ್ನೆಲ್ಲ ಅಳಿಸಲೂಬಹುದು.

ಇಷ್ಟರ ಮಟ್ಟಿಗೆ ಇದು ಯಜಮಾನನ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು. 2017ರ ಮೇ ತಿಂಗಳಿನಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶವು ಸುಮಾರು 150 ದೇಶಗಳ ಗಣಕಯಂತ್ರಗಳನ್ನು ಹಿಡಿದು ಒತ್ತೆಹಣ ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೋಗಿಗಳ ಚಿಕಿತ್ಸೆಯೇ ಅಸ್ತವ್ಯಸ್ತವಾಯಿತು. ಆ ದೋಷಕ್ಕೆ ಬೇಕಾದ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿಯೇ ಹೊರಡಿಸಿತ್ತು. ಅಳವಡಿಸದೆ ಬಿಟ್ಟ ಯಂತ್ರಗಳು ಅಪಾರವಾಗಿದ್ದವು. ಗಿರಾಕಿಗಳ ಖಾತೆ, ಬ್ಯಾಂಕಿನ ವಿವರಗಳು ನಮ್ಮಲ್ಲಿ ಇಟ್ಟ ನ್ಯಾಸದಂತೆ ಇರುವಾಗ, ಅವುಗಳಿರುವ ಪೆಟ್ಟಿಗೆಗೆ ಬೀಗ ಹಾಕದಿರುವುದು ಔದಾರ್ಯವಲ್ಲ, ಪ್ರಮಾದ.

ಬೀಗದ ಕೈ ಯಾರಲ್ಲಿದೆ ಎಂಬುದನ್ನೂ ನೋಡಬೇಕು. 2021ರ ಜುಲೈನಲ್ಲಿ ಕಸೇಯಾ ಎಂಬ ಸಂಸ್ಥೆಯ ದೂರನಿರ್ವಹಣಾ ತಂತ್ರಾಂಶದ ದೋಷವನ್ನು ಹಿಡಿದು, ದುಷ್ಕರ್ಮಿಗಳು ಅದರ ಮೂಲಕವೇ ಅನೇಕ ಉದ್ಯಮಗಳೊಳಗೆ ಹೊಕ್ಕರು. ಸ್ವೀಡನ್ನಿನ ಕೋಪ್ ಸಂಸ್ಥೆಯ ನೂರಾರು ಅಂಗಡಿಗಳು ಗಲ್ಲಾಯಂತ್ರ ನಡೆಯದೆ ಬಾಗಿಲು ಹಾಕಿದವು. ಕಾವಲುಗಾರನನ್ನೂ ಕಾಯಬೇಕಾಗುತ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಯಂತ್ರವನ್ನು ನಿರ್ವಹಿಸುವುದು ಬೇರೆ, ಯಂತ್ರದ ಮುಂದೆ ಕುಳಿತವನನ್ನು ನೋಡುವುದು ಬೇರೆ. ಇಂಟ್ಯೂನ್ ವ್ಯವಸ್ಥೆಗೆ ನೌಕರನ ಅಂತರಜಾಲ ವೀಕ್ಷಣೆಯ ಇತಿಹಾಸ, ಖಾಸಗಿ ಪತ್ರ, ಭಾವಚಿತ್ರಗಳು ಕಾಣುವುದಿಲ್ಲವೆಂದು ಮೈಕ್ರೋಸಾಫ್ಟೇ ಪ್ರಕಟಿಸಿದೆ. ಆದರೆ ಕ್ಷಣಕ್ಷಣಕ್ಕೆ ಪರದೆಯ ಚಿತ್ರ ತೆಗೆಯುವ, ಒತ್ತಿದ ಪ್ರತಿ ಕೀಲಿಯನ್ನೂ ಬರೆದಿಡುವ ಬೇರೆ ತಂತ್ರಾಂಶಗಳು ಮಾರುಕಟ್ಟೆಯಲ್ಲಿವೆ. ಏಜೆಂಟಿನ ದಾರಿಯಲ್ಲಿಯೇ ಅವುಗಳನ್ನು ಯಾವ ದಿನ ಬೇಕಾದರೂ ಒಳಗೆ ಸೇರಿಸಬಹುದು. ನೌಕರನಿಗೆ ತಿಳಿಯಲೇಬೇಕೆಂದಿಲ್ಲ.

ಅಮೆರಿಕದ ಪೆನ್ಸಿಲ್ವೇನಿಯಾದ ಲೋವರ್ ಮೆರಿಯನ್ ಶಾಲಾ ಜಿಲ್ಲೆಯು ವಿದ್ಯಾರ್ಥಿಗಳಿಗೆ ಕೊಟ್ಟ ಲ್ಯಾಪ್‌ಟಾಪುಗಳಲ್ಲಿ ಇಂಥದೇ ನಿರ್ವಹಣಾ ತಂತ್ರಾಂಶವಿತ್ತು. ಕಳುವಾದ ಯಂತ್ರವನ್ನು ಹುಡುಕಲು ಅದರಲ್ಲಿ ಕ್ಯಾಮರಾ ಚಾಲೂ ಮಾಡುವ ಸೌಕರ್ಯವನ್ನಿಟ್ಟಿದ್ದರು, ಪಾಲಕರಿಗೆ ಹೇಳಿರಲಿಲ್ಲ. ವಿದ್ಯಾರ್ಥಿಯೊಬ್ಬನ ಮನೆಯೊಳಗಿನ ಚಿತ್ರವನ್ನು ಶಾಲೆಯವರು ಮುಂದಿಟ್ಟ ಮೇಲೆ, 2010ರಲ್ಲಿ ಸಂಗತಿ ಹೊರಬಿತ್ತು. ಸಾವಿರಾರು ಚಿತ್ರಗಳು ಸಂಗ್ರಹವಾಗಿದ್ದವು. ಜಿಲ್ಲೆಯು 6,10,000 ಡಾಲರುಗಳಿಗೆ ರಾಜಿಯಾಯಿತು. ಉದ್ದೇಶ ಕಳ್ಳನನ್ನು ಹಿಡಿಯುವುದೇ ಆಗಿತ್ತೆನ್ನೋಣ. ಸಾಧನ ಕೈಯಲ್ಲಿದ್ದುದರಿಂದ ಬಳಕೆ ಹಿಗ್ಗುತ್ತ ಹೋಯಿತು.

“ಯಂತ್ರ ನನ್ನದು, ವಿದ್ಯುತ್ತು ನನ್ನದು, ಸಂಬಳವೂ ನನ್ನದು, ನೋಡಿದರೆ ತಪ್ಪೇನು?” ಎಂದು ಕೇಳುವವರುಂಟು. ಬಾಡಿಗೆಗೆ ಕೊಟ್ಟ ಮನೆಯೂ ನಮ್ಮದೇ. ಕದ ತಟ್ಟದೆ ಒಳಗೆ ಹೋಗುತ್ತೇವೆಯೇ? ರುಮೇನಿಯಾದ ಒಬ್ಬ ಇಂಜಿನಿಯರನು ಕಚೇರಿಯ ಸಂದೇಶ ಖಾತೆಯಲ್ಲಿ ತಾನು ಮದುವೆಯಾಗಲಿದ್ದವಳಿಗೂ ಸಹೋದರನಿಗೂ ಬರೆದನೆಂದು 2007ರಲ್ಲಿ ಕೆಲಸ ಕಳೆದುಕೊಂಡ. ಖಾಸಗಿ ಬಳಕೆ ನಿಷಿದ್ಧವಾಗಿತ್ತು; ಬಳಸಿಲ್ಲವೆಂದು ಆತ ಸುಳ್ಳನ್ನೂ ಹೇಳಿದ್ದ. ಆದರೂ 2017ರ ಸೆಪ್ಟೆಂಬರಿನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 11ಕ್ಕೆ 6 ಮತಗಳಿಂದ ಆತನ ಪರವಾಗಿ ತೀರ್ಪಿತ್ತಿತು. ನೋಡುತ್ತೇವೆಂದು, ಎಷ್ಟರ ಮಟ್ಟಿಗೆ ನೋಡುತ್ತೇವೆಂದು ಮುಂಚಿತವಾಗಿ ಆತನಿಗೆ ತಿಳಿಸಿದ್ದು ಕಂಡುಬರಲಿಲ್ಲವೆಂಬುದು ತೀರ್ಪಿನ ಮುಖ್ಯ ಆಧಾರಗಳಲ್ಲೊಂದು. ನೌಕರನ ಸುಳ್ಳು ಯಜಮಾನನ ಗುಟ್ಟಿಗೆ ಸಮರ್ಥನೆಯಾಗಲಾರದು. ನನಗಂತೂ ಈ ತೀರ್ಪು ಒಪ್ಪಿಗೆ.

ನಮ್ಮ ದೇಶದಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಾದರೋ ಉದ್ಯೋಗದ ಉದ್ದೇಶಗಳಿಗಾಗಿ, ಧಣಿಯನ್ನು ನಷ್ಟದಿಂದ ಕಾಯುವುದಕ್ಕಾಗಿ, ನೌಕರನ ಸಮ್ಮತಿಯಿಲ್ಲದೆಯೂ ಮಾಹಿತಿ ಬಳಸಲು ಅವಕಾಶವಿತ್ತಿದೆ. ಆದ್ದರಿಂದ ಕಾಯಿದೆ ಬಿಟ್ಟ ಜಾಗದಲ್ಲಿ ನಮ್ಮ ವಿವೇಕವೇ ಕೆಲಸ ಮಾಡಬೇಕಾಗಿದೆ. ಸೇರುವ ದಿನ ಇಪ್ಪತ್ತು ಹಾಳೆಗಳ ಕೊನೆಯಲ್ಲಿ ಹಾಕಿಸಿಕೊಂಡ ರುಜುವನ್ನು ಸಮ್ಮತಿ ಎಂದು ನಾನು ಕರೆಯಲಾರೆ. ಕೆಲಸ ಬೇಕಾದವನು ಏನಕ್ಕಾದರೂ ರುಜು ಹಾಕುತ್ತಾನೆ.

ಲೆಕ್ಕಪರಿಶೋಧನೆ ಓದಿದವರಿಗೆ ದಿಢೀರ್ ರೋಕಡ ತಪಾಸಣೆಯ ನೆನಪಾಗಬಹುದು. ಅದೂ ಗುಟ್ಟಾಗಿಯೇ ಬರುತ್ತದಲ್ಲವೇ? ಅಲ್ಲಿ ಗುಟ್ಟಾಗಿರುವುದು ದಿನಾಂಕ ಮಾತ್ರ. ತಪಾಸಣೆ ಇದೆಯೆಂಬುದೂ, ಎಣಿಸುವುದು ಅಂಗಡಿಯ ರೋಕಡವನ್ನೇ ಹೊರತು ಗುಮಾಸ್ತನ ಜೇಬನ್ನಲ್ಲವೆಂಬುದೂ ಎಲ್ಲರಿಗೂ ತಿಳಿದಿರುತ್ತದೆ.

ನನ್ನ ಪರಿಚಯದ ಒಬ್ಬ ಸಗಟು ವ್ಯಾಪಾರಿಯ ಪ್ರಸಂಗವನ್ನು ಇಲ್ಲಿ ಹೇಳಬೇಕು. ಆತನು ಯಾರಿಗೂ ತಿಳಿಸದೆ ಪರದೆಯ ಚಿತ್ರ ತೆಗೆಯುವ ವ್ಯವಸ್ಥೆ ಮಾಡಿಸಿದ್ದ. ಒಂದು ಸಂಜೆ ಅವುಗಳನ್ನು ನೋಡುತ್ತಿರುವಾಗ, ಲೆಕ್ಕ ಬರೆಯುವ ಹೆಣ್ಣುಮಗಳು ಊಟದ ಬಿಡುವಿನಲ್ಲಿ ತೆರೆದಿದ್ದ ಆಸ್ಪತ್ರೆಯ ವರದಿ ಕಣ್ಣಿಗೆ ಬಿತ್ತು. ಆತ ಕರುಣಾಳು. ಮರುದಿನ ಆಕೆಯನ್ನು ಕರೆದು ಬಡ್ಡಿಯಿಲ್ಲದೆ ಮುಂಗಡ ಕೊಡುವೆನೆಂದೂ ಬೇಕಾದಷ್ಟು ರಜೆ ತೆಗೆದುಕೊಳ್ಳಬೇಕೆಂದೂ ಹೇಳಿದ. ಆಕೆ ಇನ್ನೂ ತನ್ನ ಗಂಡನಿಗೇ ವಿಷಯ ತಿಳಿಸಿರಲಿಲ್ಲ. “ಸರ್, ಇದು ನಿಮಗೆ ಹೇಗೆ ಗೊತ್ತಾಯಿತು?” ಎಂದಳಂತೆ. ಆತನಲ್ಲಿ ಉತ್ತರವಿರಲಿಲ್ಲ. ಹಣ ಮುಟ್ಟದೆ, ಎರಡು ತಿಂಗಳಲ್ಲಿ ಕೆಲಸ ಬಿಟ್ಟು ಹೋದಳು. ಸಹಾಯ ಮಾಡಹೋದದ್ದೂ ತಪ್ಪಾಯಿತೇ ಎಂದು ಆತ ಬಹುದಿನ ಕೇಳುತ್ತಿದ್ದ.

ಸಹಾಯದಲ್ಲಿ ತಪ್ಪಿರಲಿಲ್ಲ. ಆದರೆ ಆ ಸುದ್ದಿಯನ್ನು ಮೊದಲು ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಎಂಬುದು ಆಕೆಯ ಅಧೀನದಲ್ಲಿದ್ದ ವಸ್ತು. ಅದನ್ನು ಆತ ಕೇಳದೆ ತೆಗೆದುಕೊಂಡಿದ್ದ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಏಕಾಂತದ ಸಂಗತಿಯನ್ನು ಹೊರಗೆಡಹುವ ರಹೋಭ್ಯಾಖ್ಯಾನವನ್ನೂ, ಪರರ ಚರ್ಯೆಯಿಂದ ಅವರ ಅಭಿಪ್ರಾಯವನ್ನರಿತು ಬಯಲು ಮಾಡುವ ಸಾಕಾರಮಂತ್ರಭೇದವನ್ನೂ ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಆತ ಯಾರಿಗೂ ಬಯಲು ಮಾಡಲಿಲ್ಲವಲ್ಲ ಎನ್ನಬಹುದು. ಅಕ್ಷರಶಃ ನಿಜ. ಆದರೆ ಅಂದು ಬಯಲು ಮಾಡಲು ನಾಲಗೆ ಬೇಕಿತ್ತು. ಇಂದು ಆ ಚಿತ್ರ ಯಂತ್ರದಲ್ಲಿಯೇ ಉಳಿದಿರುತ್ತದೆ. ವ್ಯವಸ್ಥೆ ನೋಡಿಕೊಳ್ಳುವ ಹುಡುಗನೂ, ಅವನ ನಂತರ ಬರುವವನೂ ಅದನ್ನು ನೋಡಬಲ್ಲರು. ಕೂಡಿಡುವುದೇ ಅರ್ಧ ಹೊರಗೆಡಹಿದಂತಾಯಿತು. ಕಂಡಮೇಲೆ ಆತನಿಗಿದ್ದ ದಾರಿ ಇಷ್ಟೇ ಎಂದು ನನಗನಿಸುತ್ತದೆ: ಚಿತ್ರಗಳನ್ನು ಅಳಿಸಿ, ವ್ಯವಸ್ಥೆಯನ್ನು ನಿಲ್ಲಿಸಿ, ಹೀಗೊಂದು ಇತ್ತೆಂಬುದನ್ನು ಎಲ್ಲರಿಗೂ ತಿಳಿಸಿ, ಕಾಯಿಲೆಗೆ ಬಡ್ಡಿರಹಿತ ಮುಂಗಡ ಯಾರಿಗಾದರೂ ಸಿಗುವುದೆಂದು ಪ್ರಕಟಿಸುವುದು. ಆಕೆ ಬಂದರೆ ಬರುತ್ತಿದ್ದಳು, ಬಾರದಿದ್ದರೆ ಇಲ್ಲ.

ನೌಕರನ ಕಡೆಯೂ ನಿಯಮವುಂಟು. ಏಜೆಂಟನ್ನು ಗುಟ್ಟಾಗಿ ತೆಗೆದುಹಾಕುವುದು, ತಾನಿಲ್ಲದಾಗ ಮೌಸನ್ನು ಅಲುಗಿಸುವ ಉಪಕರಣವಿಟ್ಟು ಕೆಲಸದಲ್ಲಿರುವಂತೆ ತೋರಿಸುವುದು ಕೂಡ ಕೂಟಲೇಖವೇ. ಆದರೆ ಮೌಸಿನ ಚಲನೆಯನ್ನು ದುಡಿಮೆಯೆಂದು ಎಣಿಸತೊಡಗಿದ ಯಜಮಾನನೇ ಆ ಉಪಕರಣಕ್ಕೆ ಗಿರಾಕಿಗಳನ್ನು ಸೃಷ್ಟಿಸಿದನೆಂಬುದನ್ನು ಮರೆಯಲಾಗದು.

ಎಲ್ಲಕ್ಕಿಂತ ಕಠಿಣವಾದದ್ದು ನೌಕರನ ಸ್ವಂತ ಮೊಬೈಲಿಗೆ ಕಚೇರಿಯ ಏಜೆಂಟನ್ನು ಹಾಕಿಸುವ ಪದ್ಧತಿ. ಕಚೇರಿಯ ಭಾಗವನ್ನಷ್ಟೇ ಅಳಿಸುವ ಸೌಕರ್ಯ ಒಳ್ಳೆಯ ವ್ಯವಸ್ಥೆಗಳಲ್ಲಿದೆ; ಪೂರ್ತಿ ಅಳಿಸುವ ಗುಂಡಿಯೂ ಕೆಲವೆಡೆ ಅದರ ಪಕ್ಕದಲ್ಲಿಯೇ ಇರುತ್ತದೆ. ಕೈ ತಪ್ಪಿದರೆ ಮಗುವಿನ ಮೊದಲ ಹೆಜ್ಜೆಯ ಚಿತ್ರ, ತೀರಿಕೊಂಡ ತಾಯಿಯ ಧ್ವನಿ ಹೋಗಿಬಿಡುತ್ತವೆ. ನಮ್ಮ ಅಂಗಡಿಯಲ್ಲಿ ವಸೂಲಿಗೆ ಹೋಗುವ ಇಬ್ಬರಿಗೆ ಬೇರೆ ಫೋನುಗಳನ್ನು ಕೊಂಡುಕೊಟ್ಟೆವು. ಅವುಗಳಲ್ಲಿ ಏಜೆಂಟ್ ಏನೇನು ನೋಡುತ್ತದೆ, ಏನನ್ನು ನೋಡುವುದಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಗಾದಿಯ ಪಕ್ಕದ ಗೋಡೆಗೆ ಅಂಟಿಸಿದ್ದೇವೆ.