ಬಡವರ ಕೇರಿಯಲ್ಲಿ ಬಾಡಿಗೆಯ ಮನೆ

ಹಣವುಳ್ಳವನು ಅದನ್ನು ಬೆಳೆಸಬಯಸುವುದು ಅಧರ್ಮವಲ್ಲ. ಮನೆಯನ್ನು ಬಾಡಿಗೆಗೆ ಕೊಡುವುದೂ ಲೋಕಕ್ಕೆ ಬೇಕಾದ ವ್ಯವಹಾರವೇ. ಆದರೆ ಬಡತನದಿಂದ ಕುಸಿದ ಕೇರಿಯಲ್ಲಿ ಅಗ್ಗದ ಬೆಲೆಗೆ ಮನೆಗಳನ್ನು ಕೊಂಡು, ಬಡವರಿಗೇ ಬಾಡಿಗೆಗೆ ಕೊಟ್ಟು, ಅಧಿಕ ಲಾಭ ಪಡೆಯುವುದು ನ್ಯಾಯವೇ ಎಂಬ ಪ್ರಶ್ನೆಯನ್ನು, ಪ್ರಿಯ ವಾಚಕರೇ, ತಾವು ಸಾವಧಾನದಿಂದ ಪರಿಭಾವಿಸಬೇಕು.

ಮೊದಲು ಆ ಲಾಭದ ಮೂಲವನ್ನು ಅರಿಯೋಣ. ಉದ್ಯೋಗಗಳು ಕಣ್ಮರೆಯಾದ ಊರಿನಲ್ಲಿ ಮನೆ ಕೊಳ್ಳುವವರು ವಿರಳ. ಆದುದರಿಂದ ಬೆಲೆ ನೆಲಕಚ್ಚುತ್ತದೆ. ಬಾಡಿಗೆಯಾದರೋ ಅಷ್ಟಾಗಿ ಇಳಿಯುವುದಿಲ್ಲ. ಮನೆ ಎಷ್ಟೇ ಅಗ್ಗವಾದರೂ ಅದನ್ನು ಕೊಳ್ಳಲು ಬಡವನಲ್ಲಿ ಕೂಡಿಟ್ಟ ಹಣವಿಲ್ಲ, ಬ್ಯಾಂಕಿನ ಸಾಲವೂ ಸುಲಭವಾಗಿ ದೊರೆಯದು. ಆದರೂ ತಲೆಯ ಮೇಲೊಂದು ಸೂರು ಬೇಕೇ ಬೇಕು. ಸಮಾಜಶಾಸ್ತ್ರಜ್ಞ ಮ್ಯಾಥ್ಯೂ ಡೆಸ್ಮಂಡ್ ಅವರು 2016ರಲ್ಲಿ ಪ್ರಕಟವಾದ ‘ಎವಿಕ್ಟೆಡ್’ ಎಂಬ ಗ್ರಂಥದಲ್ಲಿ, ಅಮೆರಿಕದ ಮಿಲ್ವಾಕಿ ನಗರದ ಕಡುಬಡವರ ಕೇರಿಗಳ ಬಾಡಿಗೆಯು ಇಡೀ ನಗರದ ಸಾಮಾನ್ಯ ಬಾಡಿಗೆಗಿಂತ ತುಸುವೇ ಕಡಿಮೆಯಿತ್ತೆಂದು ತೋರಿಸಿದ್ದಾರೆ. ಬೆಲೆ ಕುಸಿದರೂ ಬಾಡಿಗೆ ಕುಸಿಯದಿರುವುದೇ ಆ ಲಾಭದ ಮೂಲ.

ಇದಕ್ಕೊಂದು ಪ್ರತಿವಾದವುಂಟು, ಅದನ್ನು ತಳ್ಳಿಹಾಕುವಂತಿಲ್ಲ. ಅಂತಹ ಕೇರಿಗಳಲ್ಲಿ ಬಾಡಿಗೆ ಬಾಕಿ ನಿಲ್ಲುತ್ತದೆ, ಮನೆಗಳು ತಿಂಗಳುಗಟ್ಟಲೆ ಖಾಲಿಯಿರುತ್ತವೆ, ಹಳೆಯ ಕಟ್ಟಡಗಳ ದುರಸ್ತಿಗೆ ಕೊನೆಯಿಲ್ಲ. ಹಣ ಹೂಡುವವರೇ ಇಲ್ಲದಿದ್ದರೆ ಕೇರಿಗೆ ಕೇರಿಯೇ ಪಾಳುಬಿದ್ದೀತು. ಅಪಾಯವನ್ನು ಹೊತ್ತವನಿಗೆ ತಕ್ಕ ಪ್ರತಿಫಲ ಸಲ್ಲಬೇಕೆಂಬುದು ಒಪ್ಪತಕ್ಕ ಮಾತು. ಆದರೆ ಪ್ರತಿಫಲವನ್ನು ಪಡೆದವನು ಹೊಣೆಯನ್ನೂ ಹೊತ್ತನೇ ಎಂಬುದನ್ನು ನೋಡಬೇಕಷ್ಟೆ.

ಡೆಟ್ರಾಯಿಟ್ ನಗರದ ಜನಸಂಖ್ಯೆ 1950ರಲ್ಲಿ ಸುಮಾರು 18.5 ಲಕ್ಷವಿದ್ದುದು 2010ರ ವೇಳೆಗೆ ಸುಮಾರು 7.14 ಲಕ್ಷಕ್ಕೆ ಇಳಿಯಿತು. ತೆರಿಗೆಯ ಬಾಕಿಗಾಗಿ ಮುಟ್ಟುಗೋಲಾದ ಮನೆಗಳು ಅಲ್ಲಿ 500 ಡಾಲರುಗಳ ಆರಂಭದ ಸವಾಲಿಗೆ ಹರಾಜಿಗೆ ಬಂದವು. ದೂರದ ಊರುಗಳಲ್ಲಿದ್ದವರು ಮನೆಯನ್ನು ಕಣ್ಣಾರೆ ಕಾಣದೆಯೇ ಕೊಂಡರು. ಅಲ್ಲಿಯ ಕಾಯಿದೆಯಂತೆ ತೆರಿಗೆ ಕಟ್ಟದ ಮನೆ ಕೈತಪ್ಪಲು ಸುಮಾರು ಮೂರು ವರ್ಷಗಳು ಬೇಕು. ಅಷ್ಟು ಕಾಲ ಬಾಡಿಗೆಯನ್ನು ಮಾತ್ರ ಎತ್ತಿ, ತೆರಿಗೆ ಕಟ್ಟದೆ, ದುರಸ್ತಿಯನ್ನೂ ಮಾಡಿಸದೆ ಕೈಬಿಟ್ಟವರುಂಟು. ಬಾಡಿಗೆಯನ್ನು ತಪ್ಪದೆ ಕೊಟ್ಟ ಕುಟುಂಬಕ್ಕೆ ಉಳಿದದ್ದು ಬೀದಿಗೆ ಬೀಳುವ ಭಯ.

ಬೇರೊಂದು ಮಾರ್ಗವೂ ಇದೆಯೆಂಬುದಕ್ಕೆ ಲಂಡನ್ನಿನಲ್ಲಿ ನಿದರ್ಶನವಿದೆ. 1865ರಲ್ಲಿ ಜಾನ್ ರಸ್ಕಿನ್ ಅವರು ಪ್ಯಾರಡೈಸ್ ಪ್ಲೇಸ್ ಎಂಬ ಕೊಳಕು ಓಣಿಯ ಮೂರು ಮನೆಗಳನ್ನು ಪಡೆದು, ಅವುಗಳ ಆಡಳಿತವನ್ನು ಆಕ್ಟೇವಿಯಾ ಹಿಲ್ ಎಂಬ ಮಹಿಳೆಗೆ ವಹಿಸಿದರು. ಹೂಡಿದ ಹಣಕ್ಕೆ ಶೇಕಡಾ 5ರಷ್ಟು ಪ್ರತಿಫಲವೆಂದು ಮಿತಿಯಿಟ್ಟು, ಮಿಕ್ಕ ಹಣವನ್ನು ಆ ಮನೆಗಳ ಸುಧಾರಣೆಗೇ ವಿನಿಯೋಗಿಸಲಾಯಿತು. ಆಕೆ ಬಾಡಿಗೆಯ ವಿಷಯದಲ್ಲಿ ಬಹು ನಿಷ್ಠುರಳು, ಬಾಕಿಯನ್ನು ಸಹಿಸುತ್ತಿರಲಿಲ್ಲ. ಆದರೆ ಬಾಡಿಗೆಗಾಗಿ ತಾನೇ ಬಾಗಿಲಿಗೆ ಹೋದುದರಿಂದ, ಒಡೆದ ಕಿಟಕಿಯೂ ಕಟ್ಟಿಕೊಂಡ ಚರಂಡಿಯೂ ಅವಳ ಕಣ್ಣಿಗೆ ಬೀಳದೆ ಇರಲಿಲ್ಲ.

ಆದುದರಿಂದ ದೋಷವಿರುವುದು ಬಾಡಿಗೆ ಪಡೆಯುವುದರಲ್ಲಲ್ಲ. ತಾನು ಹೊತ್ತ ಅಪಾಯಕ್ಕೆ ಪ್ರತಿಫಲ ಪಡೆಯುವುದು ಬೇರೆ, ಅನ್ಯರ ನಿರುಪಾಯತೆಗೆ ಬೆಲೆ ಕಟ್ಟುವುದು ಬೇರೆ. ಮೊದಲನೆಯದು ವ್ಯವಹಾರ, ಎರಡನೆಯದು ಸುಲಿಗೆ. ಇವೆರಡೂ ಲೆಕ್ಕದ ಪುಸ್ತಕದಲ್ಲಿ ಒಂದೇ ಅಂಕಿಯಾಗಿ ಕಾಣಿಸಿಕೊಳ್ಳುವುದರಿಂದ ಪುಸ್ತಕವನ್ನಷ್ಟೇ ನೋಡುವವನಿಗೆ ಭೇದ ತಿಳಿಯದು. ಬಾಡಿಗೆಯಿಂದ ಬಾಳುವ ವಾಚಕರು ವರ್ಷಕ್ಕೊಮ್ಮೆಯಾದರೂ ತಮ್ಮ ಮನೆಯ ಹೊಸ್ತಿಲಲ್ಲಿ ನಿಂತು, ಮಳೆಗಾಲದಲ್ಲಿ ಮಾಡು ಸೋರುತ್ತದೆಯೇ ಎಂದು ಅಲ್ಲಿ ವಾಸಿಸುವವರನ್ನೇ ಕೇಳಲಿ. ಆ ಉತ್ತರವನ್ನು ಕೇಳಿಯೂ ಸುಮ್ಮನಿರಬಲ್ಲೆವೇ ಎಂಬುದೇ ನಿಜವಾದ ಪರೀಕ್ಷೆ.