ಸಹನೆಯೂ ಒಡೆಯನ ಧರ್ಮವೂ

ಕಷ್ಟವನ್ನು ಸಹಿಸಬಲ್ಲ ಪ್ರಾಣಿಯನ್ನೇ ಆರಿಸಿ ಸಾಕಿದರೆ ಸಾಕುವವನ ಹೊಣೆ ಕಡಮೆಯಾಗುವುದೋ, ಹೆಚ್ಚುವುದೋ? ಈ ಪ್ರಶ್ನೆಯು ಮೇಲ್ನೋಟಕ್ಕೆ ಪಶುಪಾಲಕರಿಗೆ ಮಾತ್ರ ಸಂಬಂಧಪಟ್ಟದ್ದೆಂದು ತೋರಬಹುದು. ವಿಚಾರಿಸಿ ನೋಡಿದರೆ, ಯಜಮಾನನಿಗೂ ಆಶ್ರಿತರಿಗೂ ನಡುವೆ ಇರತಕ್ಕ ಧರ್ಮವೆಲ್ಲವೂ ಇದರಲ್ಲಿ ಅಡಗಿದೆ. ಶೀತದೇಶಗಳಲ್ಲಿ ಮಾಂಸಕ್ಕಾಗಿ ದನಗಳನ್ನು ಸಾಕುವವರು ಚಳಿಯನ್ನು ತಡೆಯುವ ತಳಿಗಳನ್ನು ಹುಡುಕಿ, ಬೇರೆ ತಳಿಗಳೊಡನೆ ಕೂಡಿಸಿ ಸಂಕರ ಸಂತಾನವನ್ನು ಪಡೆದ ವೃತ್ತಾಂತವು ಈ ವಿಚಾರಕ್ಕೆ ತಕ್ಕ ದೃಷ್ಟಾಂತವಾಗಿದೆ. ಗೋಮಾಂಸವೆಂಬ ಮಾತನ್ನೇ ಕೇಳಲೊಲ್ಲದ ಮನೆಗಳು ಕನ್ನಡ ನಾಡಿನಲ್ಲಿ ಬಹಳ ಉಂಟು. ಅವರ ಆಕ್ಷೇಪಕ್ಕೆ ಮುಂದೆ ಸ್ಥಳವಿದೆ. ಮೊದಲು ಸಂಗತಿಯನ್ನು ತಿಳಿಯತಕ್ಕದ್ದು.

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಉತ್ತರದ ಬಯಲುಸೀಮೆಯಲ್ಲಿ, ಎಂದರೆ ಮಾಂಟಾನಾ, ವೈಯೋಮಿಂಗ್, ಡಕೋಟಾ ಪ್ರಾಂತಗಳಲ್ಲಿ, 1880ರ ದಶಕದಲ್ಲಿ ದನದ ವ್ಯಾಪಾರವು ಬಹು ಲಾಭಕರವಾಗಿತ್ತು. ದಕ್ಷಿಣದ ಟೆಕ್ಸಸಿನಿಂದ ಮಂದೆಮಂದೆಯಾಗಿ ದನಗಳನ್ನು ಹೊಡೆದುತಂದು ಬಯಲಿಗೆ ಬಿಡುವುದು, ಮೈತುಂಬಿದ ಮೇಲೆ ಹಿಡಿದು ಮಾರುವುದು, ಇಷ್ಟೇ ಆ ಉದ್ಯೋಗದ ಕ್ರಮ. ಚಳಿಗಾಲಕ್ಕೆಂದು ಹುಲ್ಲು ಕೊಯ್ದು ಬಣವೆ ಒಟ್ಟಿದವರು ವಿರಳ. 1886ರ ಬೇಸಗೆಯಲ್ಲಿ ಮಳೆ ತಪ್ಪಿ ಹುಲ್ಲು ಒಣಗಿತು. ಬಳಿಕ ಬಂದ ಚಳಿಗಾಲದಲ್ಲಿ ಹಿಮವು ಆಳವಾಗಿ ಬಿದ್ದು, ನಡುವೆ ಬೆಚ್ಚನೆಯ ಗಾಳಿಗೆ ಸ್ವಲ್ಪ ಕರಗಿ, ಮರಳಿ ಹೆಪ್ಪುಗಟ್ಟಿ ನೆಲದ ಮೇಲೆ ಕಲ್ಲಿನಂಥ ಹೊದಿಕೆಯಾಯಿತು. ಅದರ ಕೆಳಗಿದ್ದ ಹುಲ್ಲು ದನಗಳ ಬಾಯಿಗೆ ಎಟುಕಲಿಲ್ಲ. 1887ರ ವಸಂತದಲ್ಲಿ ಹಿಮ ಕರಗಿದಾಗ ಹಳ್ಳಕೊಳ್ಳಗಳಲ್ಲೆಲ್ಲ ಹೆಣಗಳು ಕಂಡವು. ಮುಂದೆ ಆ ದೇಶದ ಅಧ್ಯಕ್ಷನಾದ ಥಿಯೋಡರ್ ರೂಸ್‌ವೆಲ್ಟನು ಆಗ ಡಕೋಟಾದಲ್ಲಿ ದನಗಳನ್ನಿಟ್ಟಿದ್ದನು. ಅವನ ಮಂದೆಯ ದೊಡ್ಡ ಭಾಗವೂ ಹೀಗೆಯೇ ನಾಶವಾಯಿತು.

ಈ ಅನರ್ಥದಿಂದ ಜನರು ಎರಡು ಪಾಠಗಳನ್ನು ಕಲಿತರು. ಚಳಿಗಾಲಕ್ಕೆ ಮೇವನ್ನು ಕೂಡಿಡಬೇಕೆಂಬುದು ಒಂದು. ಚಳಿಗೆ ಬಗ್ಗದ ದನವನ್ನು ಸಂಪಾದಿಸಬೇಕೆಂಬುದು ಇನ್ನೊಂದು. ಮೊದಲನೆಯದು ಮನುಷ್ಯನು ತನ್ನನ್ನು ತಿದ್ದಿಕೊಳ್ಳುವ ಪಾಠ. ಎರಡನೆಯದು ಪ್ರಾಣಿಯನ್ನು ತಿದ್ದುವ ಪಾಠ. ಎರಡೂ ಬೇಕಾದುವೇ. ಆದರೆ ಎರಡನೆಯದನ್ನು ಹಿಡಿದು ಮೊದಲನೆಯದನ್ನು ಬಿಡುವ ಆಸೆ ಮನುಷ್ಯನಿಗೆ ಸಹಜವಾದದ್ದು. ಧರ್ಮಸಂಕಟವು ಇಲ್ಲಿಯೇ ಹುಟ್ಟುತ್ತದೆ.

ಕ್ಯಾನ್ಸಸ್ ಪ್ರಾಂತದ ಸಿ. ಜೆ. ಜೋನ್ಸ್ ಎಂಬಾತನು 1886ರ ಜನವರಿಯ ಹಿಮಬಿರುಗಾಳಿಯ ತರುವಾಯ ಸತ್ತ ದನಗಳ ಸಾಲುಗಳನ್ನು ಕಂಡನು. ಅದೇ ಗಾಳಿಯಲ್ಲಿ ಬೈಸನ್ ಎಂಬ ಕಾಡುದನಗಳು ಬದುಕಿದ್ದುದನ್ನೂ ಕಂಡನು. ಬೈಸನ್ನಿನ ತಾಳ್ಮೆಯನ್ನು ಊರದನದ ಮೈಗೆ ತರಬೇಕೆಂದು ಅವನು ಎರಡನ್ನೂ ಕೂಡಿಸಿ, ಹುಟ್ಟಿದ ಸಂಕರಕ್ಕೆ ಕ್ಯಾಟಲೊ ಎಂದು ಹೆಸರಿಟ್ಟನು. ಕೆನಡಾ ದೇಶದ ಸರ್ಕಾರವು 1916ರಲ್ಲಿ ಆಲ್ಬರ್ಟಾ ಪ್ರಾಂತದ ವೇನ್‌ರೈಟಿನಲ್ಲಿ ಈ ಪ್ರಯೋಗವನ್ನು ಕೈಗೊಂಡು ಸುಮಾರು ಅರ್ಧ ಶತಮಾನದವರೆಗೆ ನಡೆಸಿತು. ಸಂಕರದ ಮೈಗೆ ಚಳಿಯನ್ನು ತಡೆಯುವ ಶಕ್ತಿಯೇನೋ ಬಂದಿತು. ಆದರೆ ಮೊದಲನೆಯ ತಲೆಮಾರಿನ ಗಂಡುಗಳು ಬಂಜೆಯಾದುವು. ಬೈಸನ್ ಗೂಳಿಯಿಂದ ಗಬ್ಬವಾದ ಊರಹಸುಗಳಲ್ಲಿ ಗರ್ಭದ ನೀರು ಮಿತಿಮೀರಿ, ಕರುಗಳೂ ಎಷ್ಟೋ ವೇಳೆ ತಾಯಿಗಳೂ ಅಳಿದುವು. ಕಡೆಗೆ 1960ರ ದಶಕದಲ್ಲಿ ಪ್ರಯೋಗವನ್ನು ಕೈಬಿಡಬೇಕಾಯಿತು. ಎಣಿಕೆ ಮನುಷ್ಯನದು, ಪ್ರಸವವೇದನೆ ಹಸುವಿನದು. ತಪ್ಪು ಮಾಡಿದವನೊಬ್ಬ, ದಂಡ ತೆತ್ತವಳೊಬ್ಬಳು.

ಇದಕ್ಕೆ ಹೋಲಿಸಿ ನೋಡತಕ್ಕದ್ದು ಸ್ಕಾಟ್ಲೆಂಡಿನ ಕ್ರಮ. ಅಲ್ಲಿಯ ಹೈಲೆಂಡ್ ಮತ್ತು ಗ್ಯಾಲೊವೇ ದನಗಳಿಗೆ ಎರಡು ಪದರದ ಕೂದಲುಂಟು. ಹೊರಗಿನ ಉದ್ದವಾದ ಕೂದಲಿನ ಮೇಲೆ ಮಳೆಯ ನೀರು ಜಾರಿಹೋಗುತ್ತದೆ. ಒಳಗಿನ ಮೃದುವಾದ ತುಪ್ಪಟವು ಮೈಯ ಕಾವನ್ನು ಕಾಯುತ್ತದೆ. ಒರಟು ಹುಲ್ಲಿನಲ್ಲಿಯೂ ಅವು ಜೀವಿಸುತ್ತವೆ. ಆದರೆ ಹೈಲೆಂಡ್ ದನವು ಬೆಳೆಯುವುದು ನಿಧಾನ. ಆದುದರಿಂದ 1947ರಲ್ಲಿ ಲುಯಿಂಗ್ ಎಂಬ ದ್ವೀಪವನ್ನು ಕೊಂಡ ಕ್ಯಾಡ್ಜೊ ಸೋದರರು ಹೈಲೆಂಡ್ ಹಸುಗಳಿಗೆ ಶಾರ್ಟ್‌ಹಾರ್ನ್ ಹೋರಿಗಳನ್ನು ಕೂಡಿಸಿ, ಸಂಕರದ ಕಡಸುಗಳಲ್ಲಿ ಉತ್ತಮವಾದುವನ್ನು ಆರಿಸಿ, ಬಯಸಿದ ಗುಣವು ನೆಲೆಗೊಳ್ಳುವವರೆಗೆ ತಲೆಮಾರುಗಳನ್ನು ಕಾದರು. ಮಳೆಗಾಳಿಯ ಗುಡ್ಡದಲ್ಲಿ ತನ್ನ ಕರುವನ್ನು ತಾನೇ ಸಾಕಬಲ್ಲ ಹಸು ದೊರೆಯಬೇಕೆಂಬುದೇ ಅವರ ಗುರಿ. 1965ರಲ್ಲಿ ಬ್ರಿಟಿಷ್ ಸರ್ಕಾರವು ಅದನ್ನು ಪ್ರತ್ಯೇಕ ತಳಿಯೆಂದು ಅಂಗೀಕರಿಸಿತು. ಕೂಡಿಸಿದ್ದು ಒಂದೇ ಜಾತಿಯ ಎರಡು ಕವಲುಗಳನ್ನು. ಕೇಳಿದ್ದು ಆ ನೆಲಕ್ಕೆ ಒಪ್ಪುವ ಗುಣವನ್ನು. ಇಲ್ಲಿ ಒಡೆಯನ ಲಾಭವೂ ಹಸುವಿನ ಸುಖವೂ ಒಂದೇ ದಾರಿಯಲ್ಲಿ ನಡೆದುವು.

ಇನ್ನು ಪೂರ್ವಪಕ್ಷ. “ಚಳಿಯನ್ನು ಸಹಿಸಲೆಂದೇ ಈ ದನವನ್ನು ಪಡೆದೆವು. ಇದಕ್ಕೂ ಕೊಟ್ಟಿಗೆ, ಮೇವು, ಕಾವಲು ಬೇಕೆಂದರೆ ಪಡೆದು ಫಲವೇನು?” ಎಂದು ಕೆಲವರು ಕೇಳಬಹುದು. ಇದಕ್ಕೆ ಪಶುಶಾಸ್ತ್ರವೇ ಉತ್ತರ ಕೊಡುತ್ತದೆ. ಚಳಿಗಾಲದ ದಟ್ಟವಾದ ಕೂದಲು ಒಣಗಿದ್ದಾಗ ಮಾಂಸದ ತಳಿಯ ಹಸು ಸೆಲ್ಸಿಯಸ್ ಮಾನದ ಸೊನ್ನೆಗಿಂತ ಸುಮಾರು 8 ಅಂಶ ಕೆಳಗಿನ ಶೈತ್ಯವನ್ನೂ ಹೆಚ್ಚಿನ ಮೇವಿಲ್ಲದೆ ತಡೆಯುವುದೆಂದು ಬಲ್ಲವರ ಅಂದಾಜು. ಅದೇ ಕೂದಲು ತೊಯ್ದರೆ, ಸೊನ್ನೆಗಿಂತ 15 ಅಂಶ ಮೇಲಿರುವಾಗಲೇ ಅದಕ್ಕೆ ಚಳಿ ತಟ್ಟತೊಡಗುತ್ತದೆ. ಅಲ್ಲಿಂದ ಮುಂದೆ ಮೈಯ ಕಾವನ್ನು ಉಳಿಸಿಕೊಳ್ಳುವುದಕ್ಕಾಗಿ ಅದು ಹೆಚ್ಚು ತಿನ್ನಲೇಬೇಕು; ಮೇವು ದೊರೆಯದಿದ್ದರೆ ತನ್ನ ಮೈಯನ್ನೇ ಕರಗಿಸಬೇಕು. ಹಾಗಾದರೆ ಗಾಳಿಗೆ ಒಂದು ಮರೆ, ಮಲಗಲು ಒಣನೆಲ, ಹೊತ್ತಿಗೆ ಮೇವು, ಇವು ತಾಳಿಕೆಯ ತಳಿಗೂ ತಪ್ಪಿದ್ದಲ್ಲ. ಹಾಗೆಯೇ, ಚಿಕ್ಕ ಮೈಯ ಗಟ್ಟಿ ಹಸುವಿಗೆ ಭಾರಿ ತಳಿಯ ಹೋರಿಯನ್ನು ಬಿಟ್ಟು ದೊಡ್ಡ ಕರುವನ್ನು ಬಯಸುವವನು, ಹೆರಿಗೆಯ ಕಷ್ಟವನ್ನು ಆ ಹಸುವಿನ ಲೆಕ್ಕಕ್ಕೆ ಬರೆದಂತೆಯೇ ಸರಿ.

ಇದಕ್ಕಿಂತ ಸೂಕ್ಷ್ಮವಾದ ಉತ್ತರವೂ ಒಂದುಂಟು. ಶೀತೋಷ್ಣಗಳನ್ನು ಪ್ರತೀಕಾರವಿಲ್ಲದೆ ಸಹಿಸುವುದಕ್ಕೆ ಹಿರಿಯರು ತಿತಿಕ್ಷೆಯೆಂದು ಹೆಸರಿಟ್ಟು, ಅದನ್ನು ಸಾಧಕನ ಸಂಪತ್ತುಗಳಲ್ಲಿ ಸೇರಿಸಿದರು. ಆದರೆ ತಿತಿಕ್ಷೆಯು ತನ್ನ ವಿಷಯದಲ್ಲಿ ತಾನೇ ಸ್ವೀಕರಿಸತಕ್ಕ ಗುಣ. ಪರರ ಮೇಲೆ ಹೇರಿದಾಗ ಅದು ಗುಣವಾಗಿ ಉಳಿಯದು. ಹೇರಿದವನ ಪಾಲಿಗೆ ಕ್ರೌರ್ಯವಾಗುತ್ತದೆ. ಹಸು ತನ್ನ ತಾಳ್ಮೆಯನ್ನು ಆರಿಸಿಕೊಂಡಿಲ್ಲ. ಅದಕ್ಕಾಗಿ ಆರಿಸಿದವನು ಮನುಷ್ಯನು. ಆರಿಸಿದವನೇ ಫಲಕ್ಕೂ ಹೊಣೆ. ದುರ್ಬಲವಾದ ದನವು ಬೇಗ ಬಿದ್ದು ಒಡೆಯನನ್ನು ಎಚ್ಚರಿಸುತ್ತದೆ. ಗಟ್ಟಿಯಾದದ್ದು ಬಹುಕಾಲ ನಿಂತೇ ನೋಯುತ್ತದೆ. ಆದುದರಿಂದ ಅದನ್ನು ಸಾಕುವವನ ಕಣ್ಣು ಇನ್ನಷ್ಟು ಚುರುಕಾಗಿರಬೇಕು.

“ಕೊನೆಗೆ ಕೊಲ್ಲುವ ಪ್ರಾಣಿಗೆ ದಯೆಯ ಮಾತೇಕೆ?” ಎಂಬ ಆಕ್ಷೇಪವು ಉಳಿಯಿತು. ಕೊಲ್ಲುವುದು ಸರಿಯೋ ತಪ್ಪೋ ಎಂಬುದು ಬೇರೆಯೇ ವಾದ. ತಪ್ಪೆನ್ನುವವರ ಮಾತಿಗೆ ಬಲವೂ ಉಂಟು. ಆದರೆ ಕೊನೆಯ ದಿನವು ಕೆಟ್ಟದ್ದೆಂದ ಮಾತ್ರಕ್ಕೆ ಅದಕ್ಕೆ ಮುಂಚಿನ ದಿನಗಳು ಲೆಕ್ಕಕ್ಕಿಲ್ಲವೆನ್ನಲಾಗದು. ಚಳಿಯಲ್ಲಿ ನಡುಗುವ ಹಸುವಿಗೆ ಇಂದಿನ ನಡುಕವೇ ಸತ್ಯ. ಕೊಲ್ಲದವರಾದರೂ ಈ ಪ್ರಶ್ನೆಯಿಂದ ಪಾರಾದವರಲ್ಲ. ಕೃಷ್ಣಾ ತೀರದ ದನವು ಅಮೆರಿಕಕ್ಕೆ ಹೋಗಿ, ಭಾರತದ ಬೇರೆ ಕೆಲವು ತಳಿಗಳೊಡನೆ ಕೂಡಿ, ಅಲ್ಲಿಯ ಬ್ರಾಹ್ಮನ್ ಎಂಬ ತಳಿಗೆ ಮೂಲವಾಯಿತು. ಬಿಸಿಲನ್ನು ಸಹಿಸುವುದೆಂದೇ ಅದಕ್ಕೆ ಅಲ್ಲಿ ಮನ್ನಣೆ. ಹಿಮದ ಸೀಮೆಯಲ್ಲಿ ಅದು ಬಳಲುತ್ತದೆ. ಹಾಗಾದರೆ ಸಹನೆಯೆಂಬುದು ಮಿತಿಯಿಲ್ಲದ ಬೊಕ್ಕಸವಲ್ಲ. ಒಂದು ನೆಲಕ್ಕೂ ಹವೆಗೂ ಹೊಂದಿಕೊಂಡ ಗುಣ. “ಹೇಗೂ ಬದುಕಿಕೊಳ್ಳುತ್ತದೆ” ಎಂದು ಕರೆಯುವುದು ನಿಂತ ಹಸುವನ್ನು ಬೀದಿಗೆ ಬಿಡುವವನು, ಮಾಂಟಾನಾದ ಬಯಲಿನಲ್ಲಿ ಮೇವಿಲ್ಲದೆ ದನವನ್ನು ಬಿಟ್ಟವನಿಗಿಂತ ಯಾವ ಬಗೆಯಲ್ಲಿ ಮೇಲು?

ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆ ಲೋಕದ ನಡತೆಯನ್ನು ಹೇಳುತ್ತದೆ, ಲೋಕದ ಧರ್ಮವನ್ನಲ್ಲ. ಮನೆಯಲ್ಲಿ ಮಾತಾಡದೆ ದುಡಿಯುವ ಸೊಸೆಯ ಮೇಲೆಯೇ ಮತ್ತೊಂದು ಕೆಲಸ ಬೀಳುತ್ತದೆ. ಕೇಳದೆ ಇರುವ ಆಳಿನ ಸಂಬಳವೇ ತಡವಾಗುತ್ತದೆ. “ಅವಳು ತಾಳುತ್ತಾಳೆ, ಅವನು ತಾಳುತ್ತಾನೆ” ಎಂಬುದೇ ಎಲ್ಲರೂ ಕೊಡುವ ಸಮಾಧಾನ. ತಾಳುವ ಶಕ್ತಿಯು ಆಪತ್ಕಾಲಕ್ಕೆಂದು ಕೂಡಿಟ್ಟ ಬಣವೆಯಂಥದು. ದಿನವೂ ಅದರಿಂದ ಹಿರಿಯುವ ಒಡೆಯನಿಗೆ ಹಿಮ ಬಿದ್ದ ದಿನ ಹುಲ್ಲು ಉಳಿದಿರುವುದಿಲ್ಲ. ಗಟ್ಟಿ ತಳಿಯನ್ನು ಆರಿಸುವುದು ವಿವೇಕ. ಆರಿಸಿದ ಮೇಲೂ ಮರೆಯನ್ನು ಕಟ್ಟಿ ಮೇವನ್ನು ಕೂಡಿಡುವುದು ಧರ್ಮ.