ಒಲ್ಲದ ನಾಯಕ

ಮೆಚ್ಚಲಾರದ ವ್ಯಕ್ತಿಯ ಕಥೆಯನ್ನು ನಾವು ಕೊನೆಯವರೆಗೆ ಓದುವುದೇತಕ್ಕೆ? ಚಂದ್ರಶೇಖರ ಕಂಬಾರರ ‘ಚಕೋರಿ’ ಕಾವ್ಯವನ್ನು (1996) ಮುಗಿಸಿ, ಅದರ ಮುಂದುವರಿಕೆಯಾದ ‘ಶಿಖರಸೂರ್ಯ’ ಕಾದಂಬರಿಯನ್ನು (2006) ಕೈಗೆತ್ತಿಕೊಂಡಾಗ ಈ ಪ್ರಶ್ನೆ ನಮ್ಮನ್ನು ಕಾಡುತ್ತದೆ. ಮೊದಲ ಕೃತಿಯಲ್ಲಿ ನಾದಕ್ಕೆ ಮನಸೋತ ಚಂದಮುತ್ತನು ನಮಗೆ ಆತ್ಮೀಯನಾಗುತ್ತಾನೆ; ಎರಡನೆಯದರಲ್ಲಿ ಅಂಥ ಆಸರೆಯಿಲ್ಲ. ಶಿವಾಪುರವನ್ನು ತೊರೆದ ಚಿನ್ನಮುತ್ತನು ಕನಕಪುರಿಯಲ್ಲಿ ವೈದ್ಯವಿದ್ಯೆಯ ಬಲದಿಂದ ಮೇಲೇರುತ್ತ ಶಿಖರಸೂರ್ಯನಾಗುತ್ತಾನೆ. ಕಥನಕಾರನು ಅವನನ್ನು ಹಳಿಯುವನೋ, ಕಂಡು ಬೆರಗಾಗುವನೋ ಎಂದು ನಾವು ತೊಡಕಿಗೆ ಬೀಳುತ್ತೇವೆ. ಆ ತೊಡಕೇ ಓದಿನ ಲಾಭ. ತೀರ್ಪನ್ನು ಇತರರೇ ಕೊಟ್ಟುಬಿಟ್ಟರೆ ನಾವು ನಿಶ್ಚಿಂತರು. ಕೊಡದಿದ್ದರೆ ವಿವೇಕದ ಹೊರೆ ನಮ್ಮ ಹೆಗಲಿಗೆ ಬರುತ್ತದೆ. ರೋಗ ನೀಗುವ ವಿದ್ಯೆಯು ಯಾವ ಗಳಿಗೆಯಲ್ಲಿ ಜನರನ್ನು ಆಳುವ ಆಯುಧವಾಯಿತೆಂದು ನಾವೇ ಹುಡುಕಬೇಕಾಗುತ್ತದೆ. ಒಲ್ಲದವನನ್ನು ಮನ್ನಿಸದೆಯೂ ಅರಿಯಬಹುದು. ಅರಿತರೆ, ಅಂಥದೇ ಆಸೆ ನಮ್ಮಲ್ಲಿ ತಲೆಯೆತ್ತಿದಾಗ ಅದರ ಗುರುತು ಸಿಕ್ಕೀತು.